ಎರಡು ಊರು, ಎರಡು ಗಡಿಯಾರ

ನಮ್ಮ ಜೋಗದ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಊರಲ್ಲಿದ್ದಾಳೆ. ಕೂಸನ್ನು ಕರೆದುಕೊಂಡು ಊರಿಗೆ ಬರುವವಳಿದ್ದಾಳೆ.

ಒಂದು ಸಂಜೆ ನಾವೆಲ್ಲ ಕೂಡಿ ಒಂದು ಹಳೆಯ ಸುದ್ದಿ ಓದಿದೆವು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಹೆಂಗಸರು! ಅವರ ಮುಂದಾಳು ಕ್ಯಾಪ್ಟನ್ ಝೋಯಾ ಅಗರ್ವಾಲ್.

ಹೊರಟದ್ದು: 9ನೇ ತಾರೀಖು, ಶನಿವಾರ ರಾತ್ರಿ ಸುಮಾರು 8.30.
ಮುಟ್ಟಿದ್ದು: 11ನೇ ತಾರೀಖು, ಸೋಮವಾರ ಬೆಳಗಿನ ಜಾವ 3 ಗಂಟೆಯ ನಂತರ.

ಅಕ್ಕ ಬೆರಳು ಮಡಚಿ ಎಣಿಸಿದರು. ಮೂವತ್ತು ಗಂಟೆ ದಾಟಿತು. "ಎರಡು ರಾತ್ರಿ ಆಕಾಶದಲ್ಲೇ! ಕೂಸು ಹ್ಯಾಗೆ ತಡೀತದೆ ಅಕ್ಕೋರೆ?" ಅಂದರು. ಅವರ ಮುಖ ಬಾಡಿತು.

ಬನ್ನಿ, ನಾವೇ ಲೆಕ್ಕ ಮಾಡೋಣ.

ಬಸ್ಸು ಜೋಗದಿಂದ ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಬೆಂಗಳೂರು ಮುಟ್ಟಿತು ಅನ್ನೋಣ. ಎಷ್ಟು ಹೊತ್ತಾಯಿತು? 9 ಗಂಟೆ. ಇದು ಸುಲಭ. ಎರಡೂ ಊರಿನ ಗಡಿಯಾರ ಒಂದೇ ಹೊತ್ತು ತೋರಿಸುತ್ತದೆ.

ಅಮೆರಿಕ ಹಾಗಲ್ಲ. ಭೂಮಿ ದುಂಡಗಿದೆ, ತಿರುಗುತ್ತಿದೆ. ನಮಗೆ ಹಗಲಾದಾಗ ಅಲ್ಲಿ ರಾತ್ರಿ. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಭಾನುವಾರ 10ರಿಂದ ಸೋಮವಾರ ಬೆಳಗಿನ ಜಾವ 3ರವರೆಗೆ ಎಣಿಸಿ. 17 ಗಂಟೆ!

ಇನ್ನು ದೂರ. ಒಂದು ದುಂಡನೆಯ ಚೀನಿಕಾಯಿ ತನ್ನಿ. ಈ ಮಗ್ಗುಲಲ್ಲಿ ಬೆಂಗಳೂರು, ಆ ಮಗ್ಗುಲಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂದು ಸುಣ್ಣದ ಬೊಟ್ಟು ಇಡಿ. ಎರಡಕ್ಕೂ ದಾರ ಹಿಡಿಯಿರಿ. ಸುತ್ತು ಬಳಸಿದರೆ ದಾರ ಉದ್ದ ಬೇಕು. ತೊಟ್ಟಿನ ಹತ್ತಿರ ಹಾಯಿಸಿದರೆ ಗಿಡ್ಡ ಸಾಕು. ಭೂಮಿಗೆ ಆ ತೊಟ್ಟಿನ ಜಾಗವೇ ಉತ್ತರ ಧ್ರುವ. ಅಲ್ಲೆಲ್ಲ ಬರೀ ಹಿಮ. ಆ ವಿಮಾನ ಬಂದದ್ದು ಅದೇ ದಾರಿಯಲ್ಲಿ.

ಈ ಎರಡು ಊರುಗಳ ನಡುವೆ ತೀರ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರು. ಅದನ್ನು 17ರಿಂದ ಭಾಗಿಸಿ. ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು!

ನೆನಪಿಡಿ:
ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಆ ಊರಿನದು, ಮುಟ್ಟುವ ಹೊತ್ತು ಈ ಊರಿನದು. ಮೊದಲು ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ. ಆಮೇಲೆ ಎಣಿಸಿ. ನಡುವೆ ಇಳಿದು ಬೇರೆ ವಿಮಾನ ಹತ್ತುವುದಿದ್ದರೆ ಕಾಯುವ ಹೊತ್ತನ್ನೂ ಸೇರಿಸಿ. ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಅಕ್ಕ ಈಗ ತಾವೇ ಲೆಕ್ಕ ಹಾಕುತ್ತಾರೆ. "ಮೊದ್ಲು ನಡುರಾತ್ರಿ ಫೋನ್ ಮಾಡಿ ಮಗಳನ್ನ ಎಬ್ಬಿಸ್ತಿದ್ದೆ. ಈಗ ಹಾಗೆ ಮಾಡಲ್ಲ" ಎಂದು ನಗುತ್ತಾರೆ.

ನೀವೂ ಮಾಡಿ:
ಜನವರಿಯಲ್ಲಿ ನಮ್ಮಲ್ಲಿ ರಾತ್ರಿ 9.30. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಗ ಎಷ್ಟು ಗಂಟೆ? ಮಗಳಿಗೆ ಫೋನ್ ಮಾಡಬಹುದೇ?