ನೊಂದವರು ಬಾಯಿ ಬಿಡದಿದ್ದರೂ ದೂರು ಕೊಡಬಹುದು

ತಂದೆ ತಾಯಿಯನ್ನು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಒಂದು ವೃದ್ಧಾಶ್ರಮಕ್ಕೆ ಸೇರಿಸಿ ಗಲ್ಫಿಗೋ ಬೆಂಗಳೂರಿಗೋ ಮರಳಿದ ಮಕ್ಕಳು ಫೋನಿನಲ್ಲಿ ಕೇಳುವುದು, ‘ಅಲ್ಲಿ ಎಲ್ಲ ಸರಿ ಉಂಟಲ್ಲ ಅಮ್ಮಾ?’ ‘ಸರಿ ಉಂಟು’ ಎಂಬ ಉತ್ತರ ಬರುತ್ತದೆ. ಆ ಫೋನನ್ನು ಅಮ್ಮನ ಕಿವಿಗೆ ಹಿಡಿದು ನಿಂತವರು ಆಶ್ರಮದ ಸಿಬ್ಬಂದಿಯೇ ಆಗಿದ್ದರೆ ಬೇರೆ ಉತ್ತರ ಬರುವುದಾದರೂ ಹೇಗೆ?

2011ರ ಜನಗಣತಿಯ ಹೊತ್ತಿಗೇ ಕೇರಳದಲ್ಲಿ 60 ದಾಟಿದವರು ಶೇ 12.6ರಷ್ಟಿದ್ದರು, ದೇಶದ ಸರಾಸರಿ ಶೇ 8.6. ಹಿರಿಯರ ಮೇಲಿನ ದೌರ್ಜನ್ಯದ 24 ಪ್ರಕರಣಗಳಲ್ಲಿ ಹೊರಗೆ ಬರುವುದು ಒಂದೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದವರು ಯಾಕೆ ಹೇಳುವುದಿಲ್ಲ?

ಯಾರ ಮೇಲೆ ದೂರು ಹೇಳಬೇಕೋ ಅವರೇ ರಾತ್ರಿ ಮಗ್ಗುಲು ಹೊರಳಿಸಬೇಕು, ಬೆಡ್‌ಪ್ಯಾನ್ ಇಡಬೇಕು, ಮಾತ್ರೆ ಕೊಡಬೇಕು. ದೂರು ಹೇಳಿದ ರಾತ್ರಿಯೂ ಅದೇ ಮಂಚದಲ್ಲಿ ಮಲಗಬೇಕು. ಉಳಿದೆಲ್ಲ ಕಾರಣಗಳ ತಾಯಿಬೇರು ಈ ಭಯ. ಮಕ್ಕಳು ಕೆಲಸ ಬಿಟ್ಟು ಓಡಿಬರಬೇಕಾದೀತು ಎಂಬ ಸಂಕೋಚ ಅದರ ಮೇಲೆ. ಮನೆ, ಜಾಗ ಆಗಲೇ ಮಕ್ಕಳ ಹೆಸರಿಗೆ ಆಗಿದ್ದರೆ, ಇಲ್ಲಿಂದ ಹೊರಟು ಹೋಗುವುದೆಲ್ಲಿಗೆ ಎಂಬ ಚಿಂತೆ. ಮರೆವಿನ ಕಾಯಿಲೆ ಇದ್ದವರು ಹೇಳಿದರೂ ‘ಅವರಿಗೆ ನೆನಪಿಲ್ಲ, ಏನೇನೋ ಹೇಳುತ್ತಾರೆ’ ಎಂದು ಮುಗಿಸಿಬಿಡುತ್ತಾರೆ. ಕಾಸರಗೋಡಿನ ಕಡೆಯಿಂದ ಹೋದ ಹಿರಿಯರಿಗೆ ಇನ್ನೊಂದು ತೊಡಕು: ಮನಸ್ಸಿನ ನೋವು ಬರುವುದು ಕನ್ನಡದಲ್ಲೋ ತುಳುವಿನಲ್ಲೋ, ಕೇಳುವವರಿಗೆ ಗೊತ್ತಿರುವುದು ಮಲಯಾಳ.

ಆಗುತ್ತಿರುವುದು ತಪ್ಪು ಎಂದೇ ತಿಳಿಯದವರೂ ಇದ್ದಾರೆ. ಡಯಾಪರ್ ಒದ್ದೆಯಾಗಬಾರದೆಂದು ಸಂಜೆಯಿಂದ ನೀರು ಕೊಡದಿರುವುದು, ಕೈಯನ್ನು ಮಂಚಕ್ಕೆ ಕಟ್ಟುವುದು, ಸದ್ದು ಮಾಡದಿರಲೆಂದು ನಿದ್ರೆಮಾತ್ರೆ ನುಂಗಿಸುವುದು, ಫೋನು ಕಿತ್ತಿಟ್ಟುಕೊಳ್ಳುವುದು ಆರೈಕೆಯ ರೀತಿಗಳಲ್ಲ. ಇವು ದೌರ್ಜನ್ಯ.

ಕಾನೂನಿನಲ್ಲಿ ಎಲ್ಲರೂ ತಿಳಿದಿರಬೇಕಾದ ಸಂಗತಿ ಏನೆಂದರೆ, ಅಪರಾಧದ ಮಾಹಿತಿಯನ್ನು ನೊಂದವರೇ ಕೊಡಬೇಕೆಂದಿಲ್ಲ. ಮಗಳು, ನೆರೆಯವರು, ಪಕ್ಕದ ಮಂಚದವರ ಬೈಸ್ಟ್ಯಾಂಡರ್ (ಜೊತೆಗೆ ನಿಂತು ನೋಡಿಕೊಳ್ಳುವವರು) ಯಾರು ಬೇಕಾದರೂ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಮಾಹಿತಿ ದಾಖಲಿಸಬಹುದು. ಕಾಸರಗೋಡಿನ ಠಾಣೆಯಲ್ಲೂ ಸರಿ. ಇ-ಮೇಲಿನಂಥ ವಿದ್ಯುನ್ಮಾನ ದಾರಿಯಲ್ಲಿ ಕಳಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಆದರೆ ಸಾಮಾನ್ಯ ಹೊಡೆತಕ್ಕೆ ಮತ್ತು ಕರಾರಿನಂತೆ ಅಸಹಾಯಕರ ಆರೈಕೆ ಮಾಡದಿರುವುದಕ್ಕೆ (ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ, 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ) ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕಟ್ಟಿಹಾಕಿ ಕೂಡಿಹಾಕಿದ್ದರೆ ಅದನ್ನು ಬಿಡದೆ ಬರೆಯಿರಿ. ಅಕ್ರಮ ಬಂಧನಕ್ಕೆ ನೇರವಾಗಿ ಎಫ್‌ಐಆರ್ ಆಗುತ್ತದೆ.

ಪಾರ್ಶ್ವವಾಯುವಿನಿಂದ ನಡೆಯಲಾಗದವರು, ಕಣ್ಣು ಕಾಣದವರು, ಪಾರ್ಕಿನ್ಸನ್ ಕಾಯಿಲೆಯಿಂದ ಅಂಗವೈಕಲ್ಯ ಬಂದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಗಟ್ಟಿ ಆಸರೆ. ನನ್ನ ಪ್ರಕಾರ ಇದನ್ನು ನಾವು ಬಳಸುತ್ತಿರುವುದು ಬಹಳ ಕಡಿಮೆ. 7ನೇ ಕಲಂ ಪ್ರಕಾರ ದೌರ್ಜನ್ಯದ ಸಂಶಯವಿದ್ದ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಅದಕ್ಕೆ ಕೊಚ್ಚಿ ನಗರದವರು ಫೋರ್ಟ್ ಕೊಚ್ಚಿಯ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಗೆ, ತಿರುವನಂತಪುರದವರು ಅಲ್ಲಿನ ಆರ್‌ಡಿಒ ಕಚೇರಿಗೆ ಹೋಗಬಹುದು. ಮ್ಯಾಜಿಸ್ಟ್ರೇಟರು ನೊಂದವರನ್ನು ಬಿಡಿಸಿ ಬೇರೆ ಸುರಕ್ಷಿತ ಜಾಗದಲ್ಲಿ ಇರಿಸಲು ಆದೇಶಿಸಬಹುದು. ದೂರು ಹೇಳಿದ ರಾತ್ರಿಯ ಭಯಕ್ಕೆ ನೇರ ಉತ್ತರ ಇಲ್ಲಿದೆ. ನೋಡಿಕೊಳ್ಳುವವರು ಬೇಕೆಂದೇ ಅನ್ನ ನೀರು ಕೊಡದಿದ್ದರೆ 92ನೇ ಕಲಂ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು.

ಬಾಯಿ ಕಟ್ಟುವುದು ಆ ರಾತ್ರಿಯ ಭಯವೇ. ಹಾಗಾಗಿ ದೂರಿಗೆ ಕೈಹಾಕುವ ಮೊದಲು, ಅಂದು ರಾತ್ರಿ ಅಮ್ಮ ಎಲ್ಲಿರುತ್ತಾರೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ನೆಂಟರ ಮನೆಯೋ, ಆಸ್ಪತ್ರೆಯ ವಾರ್ಡೋ, ಇನ್ನೊಂದು ಆಶ್ರಮವೋ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲೆ ಮಾಡಿಸಿ. ಭೇಟಿಯ ಹೊತ್ತಿಗೆ ಸಿಬ್ಬಂದಿಯನ್ನು ಹೊರಗೆ ಕಳಿಸಿ, ‘ಸರಿ ಉಂಟಾ’ ಎಂದು ಕೇಳುವ ಬದಲು ‘ನಿನ್ನೆ ರಾತ್ರಿ ನೀರು ಯಾರು ಕೊಟ್ಟರು, ಎಷ್ಟು ಹೊತ್ತಿಗೆ?’ ಎಂದು ಕೇಳಿ.

ಹಿರಿಯರ ಸಹಾಯವಾಣಿ 14567, ತುರ್ತಿಗೆ 112, ಕಾನೂನು ನೆರವಿಗೆ 15100. ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎರ್ನಾಕುಲಂನಲ್ಲಿದೆ. ಹೆಂಗಸರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಮಾನವ ಹಕ್ಕು ಆಯೋಗ ತಿರುವನಂತಪುರದಲ್ಲಿದೆ. ಹಿರಿಯರಿಗೆಂದೇ ಒಂದು ಆಯೋಗ ರಚಿಸುವ ಮಸೂದೆಯನ್ನು ಕೇರಳ ವಿಧಾನಸಭೆ 2025ರ ಮಾರ್ಚ್‌ನಲ್ಲಿ, ದೇಶದಲ್ಲೇ ಮೊದಲಾಗಿ, ಅಂಗೀಕರಿಸಿದೆ. ಹಣ ಪಡೆದ ಆಶ್ರಮದ ಸೇವಾಲೋಪಕ್ಕೆ ಪರಿಹಾರ ಕೇಳಲು ಗ್ರಾಹಕ ಆಯೋಗವುಂಟು. 2 ವರ್ಷದೊಳಗೆ ಹೋಗಬೇಕು.

ಮಲಯಾಳ ಬರೆಯಲು ಬಾರದವರು ಅಂಜಬೇಕಿಲ್ಲ. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕು ಕೊಟ್ಟಿದೆ. ಕಾಸರಗೋಡಿನ ಕನ್ನಡ ಕೇರಳದ್ದೇ ಭಾಷೆ.

ಹೇಳಿಕೆ ಪಡೆಯಲು ಪೊಲೀಸರು 60 ದಾಟಿದ ಗಂಡಸರನ್ನಾಗಲಿ ಹೆಂಗಸರನ್ನಾಗಲಿ ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಬರಬೇಕು. ಇರುವ ಜಾಗ ಆ ಆಶ್ರಮವೇ ಆಗಿದ್ದರೆ, ಸಿಬ್ಬಂದಿ ಇಲ್ಲದ ಕೋಣೆಯಲ್ಲಿ ಹೇಳಿಕೆ ಪಡೆಯಬೇಕೆಂದು ದೂರಿನಲ್ಲೇ ಬರೆದು ಕೇಳಿ. ಠಾಣೆಯವರು ದೂರನ್ನು ದಾಖಲಿಸದಿದ್ದರೆ ಅದೇ ಬರಹವನ್ನು ಅಂಚೆಯಲ್ಲಿ ನಗರ ಪೊಲೀಸ್ ಕಮಿಷನರರಿಗೆ ಕಳಿಸಿ; ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.