ಬಾವಿಯ ನೀರು ತಿಳಿಯಾಗಿದ್ದರೆ ಸಾಕೇ?

ಮಕ್ಕಳೇ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಬಹಳಷ್ಟು ಮನೆಗಳಿಗೆ ಸ್ವಂತ ಬಾವಿಯಿದೆ. ಮಳೆಗಾಲದಲ್ಲಿ ಈ ಬಾವಿಗಳ ನೀರು ಬಹಳ ಮೇಲಕ್ಕೆ ಬರುತ್ತದೆ. ನೋಡಲು ತಿಳಿ, ಕುಡಿಯಲು ತಂಪು. ಆದರೂ ಇದೇ ಕಾಲದಲ್ಲಿ ವಾಂತಿ-ಭೇದಿ, ಟೈಫಾಯ್ಡ್, ಕಾಮಾಲೆಯಂತಹ ರೋಗಗಳು ಹರಡುವ ಅಪಾಯ ಹೆಚ್ಚು. ಏಕೆ?

ಕೊಳೆ ಬರುವ ದಾರಿ

ಮಣ್ಣು ಒಂದು ಜರಡಿ ಇದ್ದಂತೆ. ನೀರು ಮಣ್ಣಿನಲ್ಲಿ ನಿಧಾನವಾಗಿ ಇಂಗುವಾಗ ರೋಗಾಣುಗಳಲ್ಲಿ ಹಲವು ಅಲ್ಲಿಯೇ ಉಳಿದು ಸಾಯುತ್ತವೆ. ಆದರೆ ಕರಾವಳಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ತೂತುಗಳೂ ಬಿರುಕುಗಳೂ ಇವೆ. ಅವುಗಳ ಮೂಲಕ ನೀರು ಬೇಗ ಹರಿಯುತ್ತದೆ. ಸೋಸಲು ಸಮಯವೇ ಸಿಗುವುದಿಲ್ಲ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಶೌಚಗುಂಡಿಯ ತಳಕ್ಕೆ ಹತ್ತಿರವಾಗುತ್ತದೆ. ಗುಂಡಿಯ ಕೊಳೆ ಆಗ ಸುಲಭವಾಗಿ ಬಾವಿ ಸೇರಬಹುದು. ಕಟ್ಟೆಯಿಲ್ಲದ ಬಾವಿಗೆ ಅಂಗಳದ ಮತ್ತು ಹಟ್ಟಿಯ ನೀರೂ ಹರಿದು ಬರುತ್ತದೆ.

ಮಲ ಸೇರಿದ್ದನ್ನು ಪತ್ತೆಹಚ್ಚುವುದು ಹೇಗೆ? ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿರುತ್ತದೆ. ನೀರಿನಲ್ಲಿ ಅದು ಸಿಕ್ಕರೆ ಮಲ ಸೇರಿದೆ ಎಂದೇ ಅರ್ಥ. ಭಾರತೀಯ ಮಾನಕದಂತೆ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದೂ ಇರಬಾರದು.

ಲೆಕ್ಕ ಮಾಡಿ

ಬಾವಿಯ ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧೀಕರಿಸಬಹುದು. ಸಾಮಾನ್ಯವಾಗಿ 1000 ಲೀಟರ್ ನೀರಿಗೆ 2.5 ಗ್ರಾಂ ಒಳ್ಳೆಯ ಪುಡಿ ಬೇಕು. ನೀರು ಹೆಚ್ಚು ಕೊಳೆಯಾಗಿದ್ದರೆ ಪ್ರಮಾಣವೂ ಹೆಚ್ಚಬೇಕು. ಎಷ್ಟೆಂದು ಆರೋಗ್ಯ ಕಾರ್ಯಕರ್ತರನ್ನು ಕೇಳಬೇಕು.

ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 4 ಮೀಟರ್ ಎಂದುಕೊಳ್ಳಿ.
ತ್ರಿಜ್ಯ = 1 ಮೀಟರ್
ನೀರಿನ ಘನಫಲ = 3.14 × 1 × 1 × 4 = 12.56 ಘನ ಮೀಟರ್
1 ಘನ ಮೀಟರ್ = 1000 ಲೀಟರ್. ಆದ್ದರಿಂದ ನೀರು 12,560 ಲೀಟರ್.
ಬೇಕಾದ ಪುಡಿ = 12.56 × 2.5 = 31.4 ಗ್ರಾಂ

ಹಾಕುವ ಕ್ರಮ

1. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಅನಂತರ ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಬೇಕು.
2. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಬೇಕು. ಸುಣ್ಣವನ್ನು ಬಾವಿಗೆ ಹಾಕಬಾರದು.
3. ತಿಳಿಯಿರುವ ಬಕೆಟನ್ನು ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು.
4. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು.

ಎಚ್ಚರಿಕೆ: ಈ ಪುಡಿ ಕಣ್ಣು, ಚರ್ಮ, ಉಸಿರಿಗೆ ತೊಂದರೆ ಕೊಡುತ್ತದೆ. ಲೆಕ್ಕ ನೀವು ಮಾಡಿ. ಹಾಕುವ ಕೆಲಸ ದೊಡ್ಡವರದು.

ಇಷ್ಟೇ ಸಾಕೇ?

ಸಾಲದು. ಗುಂಡಿಯ ಕೊಳೆ ಬಂದು ಸೇರುತ್ತಲೇ ಇದ್ದರೆ ಇಂದು ಹಾಕಿದ ಕ್ಲೋರಿನ್ ನಾಳೆಗೆ ಉಳಿಯದು. ಮೊದಲು ಕೊಳೆಯ ದಾರಿ ಮುಚ್ಚಬೇಕು. ಬಾವಿಗೂ ಶೌಚಗುಂಡಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು. ಜಂಬಿಟ್ಟಿಗೆ ನೆಲದಲ್ಲಿ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ನೆಲ, ಬಸಿದ ನೀರು ದೂರ ಹೋಗಲು ಚರಂಡಿ ಬೇಕು. ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಬೇಕು.

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಆದರೆ ಕೋಲಾರದಂತಹ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಕಂಡುಬರುವ ಫ್ಲೋರೈಡ್ ಹೋಗುವುದಿಲ್ಲ. ಅದು ಲವಣ, ಜೀವಿಯಲ್ಲ.

ಮಾಡಿ ನೋಡಿ

1. ನಿಮ್ಮ ಮನೆಯ ಬಾವಿಗೂ ಹತ್ತಿರದ ಶೌಚಗುಂಡಿಗೂ ಎಷ್ಟು ಮೀಟರ್ ಅಂತರವಿದೆ? ನೆರೆಮನೆಯ ಗುಂಡಿಯನ್ನೂ ಮರೆಯದೆ ಅಳೆಯಿರಿ.
2. ವ್ಯಾಸ 3 ಮೀಟರ್, ನೀರಿನ ಆಳ 2 ಮೀಟರ್ ಇರುವ ಬಾವಿಗೆ ಎಷ್ಟು ಪುಡಿ ಬೇಕು?