ವಿಮಾನದ ದಾರಿಯೂ ಗಡಿಯಾರದ ಲೆಕ್ಕವೂ

2025ರ ಡಿಸೆಂಬರ್ 25ರಂದು ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳ ಸಂಚಾರವು ಆರಂಭವಾಯಿತು. ಅಂದಿನಿಂದ ನಮ್ಮ ತರಗತಿಗಳಲ್ಲಿ ವಿಮಾನದ ಮಾತು ಹೆಚ್ಚಾಗಿದೆ. ಒಂದು ದಿನ ಭೂಗೋಳದ ಪಾಠದ ನಡುವೆ, ಡೊಂಬಿವಲಿಯಿಂದ ಬರುವ ಬಾಲಕನೊಬ್ಬನು ಎದ್ದು ನಿಂತನು. ಅವನ ತಂದೆಯವರು ದುಬೈಯಲ್ಲಿ ಉದ್ಯೋಗಿಗಳು.

“ಸರ್, ಚಳಿಗಾಲದ ರಜೆಗೆ ಬರುವಾಗ ಅಪ್ಪ ದುಬೈಯಿಂದ ರಾತ್ರಿ 10 ಗಂಟೆಗೆ ಹೊರಟು ಮುಂಬಯಿಗೆ 2-20ಕ್ಕೆ ತಲಪಿದರು. ಮರಳಿ ಹೋಗುವಾಗ ಬೆಳಿಗ್ಗೆ 10ಕ್ಕೆ ಹೊರಟವರು 11-45ಕ್ಕೇ ಅಲ್ಲಿ ಇಳಿದರು. ಬರುವಾಗ ಅಷ್ಟು ತಡ, ಹೋಗುವಾಗ ಇಷ್ಟು ಬೇಗ ಏಕೆ?”

ಕೆಲವರು ನಕ್ಕರು, ಕೇಳಿದವನು ನಗಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಉತ್ತರವು ಅರ್ಧಕ್ಕೇ ನಿಂತಿತು. ಅದನ್ನು ಈಗ ಪೂರ್ತಿಗೊಳಿಸೋಣ.

ಮೊದಲು ದೂರವನ್ನು ನೋಡೋಣ. ಭೂಗೋಳದ ಮೇಲೆ ಮುಂಬಯಿಯಿಂದ ದುಬೈಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದೇ ಅತಿ ಹತ್ತಿರದ ದಾರಿ. ಸುಮಾರು 1,930 ಕಿ.ಮೀ. ವಿಮಾನದ ವೇಗವು ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಂಡರೆ 2 ಗಂಟೆ 16 ನಿಮಿಷ ಸಾಕು. ಆದರೆ ನೆಲದ ಮೇಲೆ ಓಡಲು, ಮೇಲೇರಲು, ಇಳಿಯಲು ಹೆಚ್ಚು ಹೊತ್ತು ಬೇಕಾಗುವುದು. ಕಲ್ಯಾಣದ ಲೋಕಲ್ ಗಾಡಿಯೂ ನಿಲ್ದಾಣವನ್ನು ಬಿಡುವಾಗ ಮತ್ತು ಸೇರುವಾಗ ನಿಧಾನವಾಗಿಯೇ ಚಲಿಸುವುದಲ್ಲವೆ? ಆದುದರಿಂದ ಈ ಪ್ರಯಾಣಕ್ಕೆ ಸುಮಾರು 3 ಗಂಟೆಗಳು ಹಿಡಿಯುತ್ತವೆ.

ಇನ್ನು ಗಡಿಯಾರ. ಭೂಮಿಯು 24 ಗಂಟೆಗಳಲ್ಲಿ 360 ಅಂಶಗಳಷ್ಟು ತಿರುಗುತ್ತದೆ. ಎಂದರೆ ಒಂದು ಅಂಶಕ್ಕೆ 4 ನಿಮಿಷ. ಭಾರತದ ಗಡಿಯಾರವು ಮಿರ್ಜಾಪುರದ ಸಮೀಪದ 82½ ಅಂಶ ಪೂರ್ವ ರೇಖಾಂಶವನ್ನೂ, ದುಬೈಯ ಗಡಿಯಾರವು 60 ಅಂಶದ ರೇಖಾಂಶವನ್ನೂ ಅನುಸರಿಸುತ್ತವೆ. ಇವುಗಳ ಅಂತರ 22½ ಅಂಶ. ಅದನ್ನು 4ರಿಂದ ಗುಣಿಸಿದರೆ 90 ನಿಮಿಷ. ನಮ್ಮ ಗಡಿಯಾರವು ಅಷ್ಟು ಮುಂದಿದೆ.

ಈಗ ಬಾಲಕನ ಲೆಕ್ಕವನ್ನು ತಿದ್ದೋಣ. ದುಬೈಯ ರಾತ್ರಿ 10 ಗಂಟೆ ನಮಗೆ 11-30. ಅಲ್ಲಿಂದ 2-20ರ ವರೆಗೆ 2 ಗಂಟೆ 50 ನಿಮಿಷ. ಹೋಗುವಾಗ ದುಬೈಯ 11-45 ನಮಗೆ ಮಧ್ಯಾಹ್ನ 1-15. ಆದುದರಿಂದ ಪ್ರಯಾಣವು 3 ಗಂಟೆ 15 ನಿಮಿಷ.

ಈ 25 ನಿಮಿಷಗಳ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿ. ಚಳಿಗಾಲದಲ್ಲಿ ಈ ಮಾರ್ಗದಲ್ಲಿ, ಹತ್ತು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಅದರ ವೇಗ ಗಂಟೆಗೆ 70 ಕಿ.ಮೀ. ಎಂದು ಭಾವಿಸಿದರೆ, ಹೋಗುವ ವಿಮಾನದ ವೇಗ 780ಕ್ಕೆ ಇಳಿಯುವುದು; ಬರುವ ವಿಮಾನದ್ದು 920ಕ್ಕೆ ಏರುವುದು. ಭಾಗಿಸಿ ನೋಡಿರಿ: ಸುಮಾರು 22 ನಿಮಿಷಗಳ ಅಂತರ ಬರುತ್ತದೆ.

ಗಡಿಯಾರದ ಮುಳ್ಳುಗಳನ್ನಷ್ಟೇ ನಂಬಿದರೆ, ತಂದೆಯವರು ಮನೆಗೆ ಬರಲು ತಡಮಾಡಿದಂತೆಯೂ ಹೊರಡಲು ಆತುರಪಟ್ಟಂತೆಯೂ ತೋರುವುದು. ಲೆಕ್ಕವು ಇದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ. ಮನೆಯ ಕಡೆಗಿನ ಪ್ರಯಾಣವೇ ಬೇಗ ಮುಗಿದಿತ್ತು. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಆ ಬಾಲಕನು ಸಂಖ್ಯೆಗಳನ್ನು ಎರಡು ಸಲ ಪರೀಕ್ಷಿಸಿ, ತಾಯಿಗೆ ತೋರಿಸುವೆನೆಂದು ಪುಸ್ತಕದಲ್ಲಿ ಬರೆದುಕೊಂಡನು.

ಅಭ್ಯಾಸ: ಸಿಂಗಪುರದ ಗಡಿಯಾರವು ನಮ್ಮದಕ್ಕಿಂತ 2½ ಗಂಟೆ ಮುಂದಿದೆ. ಮುಂಬಯಿಯಿಂದ ರಾತ್ರಿ 11ಕ್ಕೆ ಹೊರಟ ವಿಮಾನವು ಅಲ್ಲಿಯ ಬೆಳಿಗ್ಗೆ 7ಕ್ಕೆ ಇಳಿದರೆ, ಪ್ರಯಾಣಕ್ಕೆ ಹಿಡಿದ ಕಾಲವೆಷ್ಟು?